ಟಿಡಿಎಸ್ ಸೊನ್ನೆಗೆ ಇಳಿಯುತ್ತಿಲ್ಲವಾ? ಉಪ್ಪುನೀರಿನ ಅಕ್ವೇರಿಯಂಗೆ ನೀರು ಮಾಡುವಾಗ ದೋಷ ಹುಡುಕುವ ಬಗೆ

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಒಟ್ಟು ಪ್ರಮಾಣ. ಅದರ ಮೀಟರ್ 0 ತೋರಿಸಬೇಕಿತ್ತು, 14 ತೋರಿಸುತ್ತಿದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಅಂಗಡಿಗೆ ಹೋಗಿ ಕೆಸರು ತಡೆಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ತಡೆಯುವ ಕಾರ್ಬನ್, ಉಪ್ಪು ತಡೆಯುವ ಆರ್‌ಓ ಮೆಂಬ್ರೇನ್, ಕೊನೆಗೆ ಉಳಿದದ್ದನ್ನು ಹೀರುವ ಡಿಐ ರೆಸಿನ್ ನಾಲ್ಕನ್ನೂ ತಂದು ಒಂದೇ ದಿನ ಬದಲಾಯಿಸಿಬಿಡುತ್ತಾರೆ. ಸರಿಹೋದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲವೂ ನಾಲ್ಕಕ್ಕೂ ದುಡ್ಡು ಸುರಿಯಬೇಕು. ಸರಿಹೋಗದಿದ್ದರಂತೂ ಕೇಳುವುದೇ ಬೇಡ.

ಬಿಡಿಭಾಗ ಮುಟ್ಟುವ ಮೊದಲು ಐದು ಕಡೆ ನೀರು ಹಿಡಿದು ಅಳೆಯಿರಿ: ನಲ್ಲಿಯಲ್ಲಿ ಬರುವ ನೀರು, ಆರ್‌ಓ ಆದಮೇಲೆ ಡಿಐಗೆ ಹೋಗುವ ಮುಂಚಿನ ನೀರು, ಡಿಐನಿಂದ ಹೊರಬಂದ ನೀರು, ಡ್ರಮ್‌ನಲ್ಲಿ ನಿಂತ ನೀರು, ಕೊನೆಗೆ ಅಕ್ವೇರಿಯಂ ಪಕ್ಕದ ಟಾಪ್-ಅಪ್ (ಆವಿಯಾದಷ್ಟು ನೀರು ಮತ್ತೆ ತುಂಬುವ) ಡಬ್ಬದ ನೀರು. ಐದು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಅಂಕಿ ಎಲ್ಲಿ ಇಳಿಯಬೇಕಿತ್ತೋ ಅಲ್ಲಿ ಇಳಿದಿಲ್ಲ ಅಂದರೆ ದೋಷ ಅಲ್ಲಿದೆ. ಇಳಿದು ಮತ್ತೆ ಏರಿದ್ದರೆ ಆ ಎರಡು ಜಾಗದ ನಡುವೆ ಇದೆ. ಫಿಲ್ಟರ್ ಬಗ್ಗೆ ನಾವು ಎಷ್ಟು ತಲೆಕೆಡಿಸಿಕೊಳ್ಳುತ್ತೇವೋ ಅದರ ಅರ್ಧದಷ್ಟು ಗಮನವನ್ನೂ ನೀರು ತುಂಬಿಡುವ ಡ್ರಮ್ ಕಡೆ ಕೊಡುವುದಿಲ್ಲ, ಎಷ್ಟೋ ಸಲ ಕಳ್ಳ ಇರುವುದು ಅಲ್ಲೇ.

ಸ್ವಲ್ಪ ಟಿಡಿಎಸ್ ಇದ್ದರೆ ಏನು ಮಹಾ, ಹೇಗೂ ಉಪ್ಪು ಹಾಕುತ್ತೇವಲ್ಲ ಅಂತ ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಅಕ್ವೇರಿಯಂನಿಂದ ಆವಿಯಾಗುವುದು ಬರೀ ನೀರು, ಅದರಲ್ಲಿ ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. 200 ಲೀಟರ್ ಅಕ್ವೇರಿಯಂನಲ್ಲಿ ದಿನಕ್ಕೆ 3 ಲೀಟರ್ ಆವಿಯಾಗುತ್ತದೆ, ನೀವು ಬೋರ್‌ವೆಲ್ ನೀರನ್ನೇ ಟಾಪ್-ಅಪ್ ಮಾಡುತ್ತೀರಿ, ಅದರಲ್ಲಿ ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದೆ ಅಂದುಕೊಳ್ಳಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಒಪ್ಪುವ ಮಿತಿಯೇ 45, ಹಾಗಾಗಿ ಇದು ಕುಡಿಯಲು ಸರಿ ಇರುವ ನೀರು. ಆದರೂ ದಿನಕ್ಕೆ 120 ಮಿಲಿಗ್ರಾಂ ಒಳಗೆ ಸೇರಿ, ತಿಂಗಳಿಗೆ ನೈಟ್ರೇಟ್ 18 ಪಿಪಿಎಂ (ಲೀಟರಿಗೆ 18 ಮಿಲಿಗ್ರಾಂ) ಏರುತ್ತದೆ. ಮೀನಿಗೆ ಒಂದು ಚಿಟಿಕೆ ಆಹಾರ ಹಾಕದೆಯೂ ಇಷ್ಟು ಏರುತ್ತದೆ. ಆಮೇಲೆ ಪಾಚಿ ಯಾಕೆ ಬಂತು, ಹವಳ ಯಾಕೆ ಕಂದಾಯಿತು ಅಂತ ಲೈಟಿನ ಮೇಲೆ ಅನುಮಾನ ಪಡುತ್ತಾ ಕೂರುತ್ತೇವೆ.

ಮೊದಲು ಮೀಟರನ್ನೇ ಅನುಮಾನಿಸಿ

ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಅದನ್ನೇ ಒಂದು ಗುಣಕದಿಂದ ಗುಣಿಸಿ ಪಿಪಿಎಂ ಅಂತ ತೋರಿಸುತ್ತದೆ. ಕೆಲವು ಮೀಟರ್ 0.5ರಿಂದ ಗುಣಿಸುತ್ತವೆ, ಕೆಲವು 0.7ರಿಂದ. ಒಂದೇ ನೀರಿಗೆ ನಿಮ್ಮ ಮೀಟರ್ 500, ಗೆಳೆಯರ ಮೀಟರ್ 700 ತೋರಿಸಿದರೆ ಎರಡೂ ಸರಿ ಇರಬಹುದು. ಹಾಗಾಗಿ ಐದೂ ಕಡೆ ಒಂದೇ ಮೀಟರ್ ಬಳಸಿ.

ಕಡಿಮೆ ಅಂಕಿ ಅಳೆಯುವಾಗ ಲೋಟದ ಗಲೀಜೇ ಮೋಸ ಮಾಡುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35,000 ಮಿಲಿಗ್ರಾಂ ಉಪ್ಪಿದೆ. ಅದರ ಒಂದೇ ಒಂದು ತೊಟ್ಟು 200 ಎಂಎಲ್ ಶುದ್ಧ ನೀರಿಗೆ ಬಿದ್ದರೆ ಮೀಟರ್ 8-9ಕ್ಕೆ ಹೋಗುತ್ತದೆ. ಅಕ್ವೇರಿಯಂಗೆ ಕೈ ಹಾಕಿ ಒರೆಸಿಕೊಂಡ ಬೆರಳಲ್ಲೇ ಅಷ್ಟು ಉಪ್ಪಿರುತ್ತದೆ. ಅಳೆಯುವ ಲೋಟವನ್ನೂ ಮೀಟರ್ ತುದಿಯನ್ನೂ ಅಳೆಯಬೇಕಾದ ನೀರಿನಲ್ಲೇ ಮೂರು ಸಲ ತೊಳೆದು ಚೆಲ್ಲಿ, ನಾಲ್ಕನೇ ಸಲ ಹಿಡಿದ ನೀರನ್ನು ಅಳೆಯಿರಿ. ಬೋರ್‌ವೆಲ್ ನೀರಲ್ಲಿ ತೊಳೆದು ಒಣಗಿಸಿದ ಸ್ಟೀಲ್ ಲೋಟ ನೋಡಲು ಫಳಫಳ ಅನ್ನುತ್ತಿದ್ದರೂ ಅದರ ಮೈಮೇಲೆ ಬಿಳಿ ಕಲೆ ಇರುತ್ತದಲ್ಲ, ಅದೂ ಟಿಡಿಎಸ್ಸೇ.

ಇಷ್ಟಾದರೂ ಅನುಮಾನ ಹೋಗದಿದ್ದರೆ ಮೀಟರ್ ಹೊಂದಿಸಲೆಂದೇ ಮಾರುವ 342 ಪಿಪಿಎಂ ದ್ರಾವಣ ತಂದು ನೋಡಿ. ಅದರಲ್ಲಿ ಸರಿಯಾಗಿ ತೋರಿಸಿದರೆ ಮೀಟರ್ ಸರಿ ಇದೆ, ಮುಂದೆ ಹೋಗಿ.

ಅಡುಗೆಮನೆಯ ಆರ್‌ಓ ನೀರನ್ನೇ ಬಳಸುತ್ತಿದ್ದರೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದೇ ಇಲ್ಲಿಂದ. ಮಷೀನ್ ಕೆಟ್ಟಿಲ್ಲ, ಅದನ್ನು ಮಾಡಿರುವುದೇ ಹಾಗೆ. ಕುಡಿಯುವ ನೀರು ತೀರಾ ಸಪ್ಪೆ ಆಗಬಾರದು ಅಂತ ಅದರಲ್ಲಿ ಟಿಡಿಎಸ್ ಕಂಟ್ರೋಲರ್ ಅನ್ನುವ ಪುಟ್ಟ ವಾಲ್ವ್ ಇರುತ್ತದೆ. ಅದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಮತ್ತೆ ಬೆರೆಸುತ್ತದೆ. ಅದರ ನಂತರ ಮಿನರಲ್ ಕಾರ್ಟ್ರಿಜ್, ಕೆಲವದರಲ್ಲಿ ಆಲ್ಕಲೈನ್ ಕಾರ್ಟ್ರಿಜ್. ಹಾಗಾಗಿ ಕೊನೆಯ ನಲ್ಲಿಯಲ್ಲಿ 50ರಿಂದ 100 ಬಂದರೆ ಮೆಂಬ್ರೇನ್ ಹೋಗಿದೆ ಅಂತ ಅರ್ಥವಲ್ಲ.

ಅದಕ್ಕಿಂತ ಕೆಟ್ಟದ್ದು ತಾಮ್ರದ ಕಾರ್ಟ್ರಿಜ್. ಈಗ ಬರುವ ಎಷ್ಟೋ ಮಷೀನ್‌ಗಳಲ್ಲಿ ಅದನ್ನೇ ದೊಡ್ಡದಾಗಿ ಹೇಳಿ ಮಾರುತ್ತಾರೆ. ಮನುಷ್ಯರಿಗೆ ಹೇಗೋ ಏನೋ, ಹವಳ, ಸೀಗಡಿ, ಏಡಿ, ಶಂಖದ ಹುಳುಗಳಿಗೆ ತಾಮ್ರ ಸೀದಾ ವಿಷ, ಅದೂ ಟಿಡಿಎಸ್ ಮೀಟರ್‌ನಲ್ಲಿ ಗೊತ್ತೇ ಆಗದಷ್ಟು ಕಡಿಮೆ ಪ್ರಮಾಣದಲ್ಲಿ. ಅಜ್ಜಿ ಕಾಲದ ತಾಮ್ರದ ಹಂಡೆಯಲ್ಲಿ ನೀರು ತುಂಬಿಡುವ ಆಸೆ ಇದ್ದರೆ ಅದನ್ನೂ ಬಿಡಿ, ಹಿತ್ತಾಳೆಯ ನಲ್ಲಿ, ಹಿತ್ತಾಳೆಯ ಜೋಡಣೆಗಳನ್ನೂ ಡಿಐ ಆದಮೇಲೆ ಎಲ್ಲೂ ಹಾಕಬೇಡಿ.

ಪರಿಹಾರ ಸುಲಭ. ಮೆಂಬ್ರೇನ್ ಹೌಸಿಂಗ್‌ನಿಂದ ಹೊರಬರುವ ಒಳ್ಳೆ ನೀರಿನ ಪೈಪಿಗೆ, ಕಂಟ್ರೋಲರ್ ಮತ್ತು ಮಿನರಲ್ ಕಾರ್ಟ್ರಿಜ್‌ಗಿಂತ ಮುಂಚೆ, ಒಂದು ಟಿ ಜಾಯಿಂಟ್ ಹಾಕಿಸಿ ವಾಲ್ವ್ ಕೊಡಿಸಿ. ಸರ್ವಿಸ್ ಹುಡುಗನಿಗೆ ಇದು ಹತ್ತು ನಿಮಿಷದ ಕೆಲಸ. ಅಲ್ಲಿಂದ ಡಿಐ ಕಾರ್ಟ್ರಿಜ್‌ಗೆ ಕೊಟ್ಟರೆ ಮನೆಯವರ ನೀರಿಗೂ ತೊಂದರೆ ಇಲ್ಲ. ವಾರಂಟಿ ಇನ್ನೂ ಇದ್ದರೆ ಮೊದಲು ಕೇಳಿಕೊಳ್ಳಿ.

ನಲ್ಲಿಯಿಂದ ಮೆಂಬ್ರೇನ್‌ವರೆಗೆ

ಈಗ ಮೊದಲ ಎರಡು ಅಂಕಿ ನೋಡಿ. ನಲ್ಲಿ ನೀರು 600, ಆರ್‌ಓ ನೀರು 12 ಇದ್ದರೆ ಮೆಂಬ್ರೇನ್ ನೂರಕ್ಕೆ 98 ಪಾಲು ತಡೆದಿದೆ, ಚೆನ್ನಾಗಿದೆ. 30 ಇದ್ದರೆ 95 ಪಾಲು, ಪರವಾಗಿಲ್ಲ ಅನ್ನಬಹುದು, ಆದರೆ ರೆಸಿನ್ ಎರಡೂವರೆ ಪಟ್ಟು ಬೇಗ ಮುಗಿಯುತ್ತದೆ. 60 ದಾಟಿದರೆ ಏನೋ ಆಗಿದೆ. ಬರೀ ಆರ್‌ಓ ಅಂಕಿ ನೋಡಿ ತೀರ್ಮಾನ ಮಾಡಬೇಡಿ, ನಲ್ಲಿ ನೀರಿನ ಜೊತೆ ಹೋಲಿಸಲೇಬೇಕು. ಬೆಂಗಳೂರಿನಲ್ಲಿ ಇದು ಇನ್ನೂ ಮುಖ್ಯ. ಒಂದು ದಿನ ಕಾವೇರಿ ನೀರು, ಮರುದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್, ಮೂರೂ ಒಂದೇ ಸಂಪಿಗೆ ಬೀಳುತ್ತವೆ. ನಿನ್ನೆ 4 ಇದ್ದ ಆರ್‌ಓ ನೀರು ಇವತ್ತು 18 ಆಯಿತು ಅಂದರೆ ಮೆಂಬ್ರೇನ್ ಅಲ್ಲ, ಟ್ಯಾಂಕರ್ ಬಂದಿರಬಹುದು.

ಅಪಾರ್ಟ್‌ಮೆಂಟ್‌ನಲ್ಲಿ ಸಾಫ್ಟನರ್ ಇದೆ, ಆದರೂ ಟಿಡಿಎಸ್ ಯಾಕೆ ಜಾಸ್ತಿ ಅನ್ನುವ ಗೊಂದಲವೂ ಉಂಟು. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೊಡುತ್ತದೆ ಅಷ್ಟೆ. ನೊರೆ ಚೆನ್ನಾಗಿ ಬರುತ್ತದೆ, ಬಕೆಟ್ ಬಿಳಿ ಆಗುವುದಿಲ್ಲ, ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುವುದೂ ಕಡಿಮೆ ಆಗುತ್ತದೆ, ಆದರೆ ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ತಡೆಯುವ ಪಾಲು ಕಡಿಮೆ ಇದ್ದರೆ ಮೊದಲು ಒತ್ತಡ ನೋಡಿ. ಮನೆ ಮೆಂಬ್ರೇನ್‌ಗಳ ಲೆಕ್ಕವೆಲ್ಲ 50-60 ಪಿಎಸ್‌ಐ ಒತ್ತಡಕ್ಕೆ. ಓವರ್‌ಹೆಡ್ ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಮೇಲಿದ್ದರೂ ಸಿಗುವುದು 14 ಪಿಎಸ್‌ಐ ಮಾತ್ರ. ಅಂದರೆ ಮೂರು ಮಹಡಿ ಮೇಲೆ ಟ್ಯಾಂಕ್ ಇದ್ದರೂ ಸಾಲದು. ಹೊರದೇಶದಿಂದ ತರಿಸಿದ ಆರ್‌ಓ/ಡಿಐ ಯೂನಿಟ್‌ಗಳು ಇಲ್ಲಿ ಮುಗ್ಗರಿಸುವುದು ಇದಕ್ಕೇ. ಅಲ್ಲಿ ಪೈಪಿನಲ್ಲೇ ಒತ್ತಡ ಇರುತ್ತದೆ, ಹಾಗಾಗಿ ಯೂನಿಟ್ ಜೊತೆ ಬೂಸ್ಟರ್ ಪಂಪ್ ಬರುವುದಿಲ್ಲ. ನಮ್ಮ ಮನೆಗಳಿಗೆ ಬೂಸ್ಟರ್ ಬೇಕೇ ಬೇಕು. ಒತ್ತಡ ಕಡಿಮೆಯಾದರೆ ನೀರು ಬರುವುದು ನಿಧಾನವಾಗುವುದಷ್ಟೇ ಅಲ್ಲ, ಉಪ್ಪು ದಾಟುವ ಪಾಲೂ ಏರುತ್ತದೆ. ಬೂಸ್ಟರ್ ಇದ್ದೂ ಹೀಗಾದರೆ ಪಂಪಿಗಿಂತ ಮುಂಚಿನ ಸೆಡಿಮೆಂಟ್ ಫಿಲ್ಟರ್ ಕೆಸರು ತುಂಬಿಕೊಂಡು ಕಟ್ಟಿದೆಯಾ ನೋಡಿ. ಅದನ್ನು ತೆಗೆದು ಸ್ವಲ್ಪ ಹೊತ್ತು ಓಡಿಸಿದಾಗ ವೇಗ ಬಂದರೆ ಉತ್ತರ ಸಿಕ್ಕಿತು. ಜಾಸ್ತಿ ಹೊತ್ತು ಹಾಗೇ ಬಿಡಬೇಡಿ.

ಆಮೇಲೆ ವೇಸ್ಟ್ ನೀರು. ಒಂದು ನಿಮಿಷ ಗಡಿಯಾರ ನೋಡಿಕೊಂಡು ಒಳ್ಳೆ ನೀರನ್ನೂ ವೇಸ್ಟ್ ನೀರನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಹಿಡಿಯಿರಿ. ದಿನಕ್ಕೆ 75 ಗ್ಯಾಲನ್ ಅಂತ ಬರೆದಿರುವ ಮೆಂಬ್ರೇನ್ ಅಂದರೆ ದಿನಕ್ಕೆ ಸುಮಾರು 284 ಲೀಟರ್, ನಿಮಿಷಕ್ಕೆ ಹತ್ತಿರ ಹತ್ತಿರ 200 ಎಂಎಲ್. ವೇಸ್ಟ್ ಅದರ ಮೂರು ನಾಲ್ಕು ಪಟ್ಟು ಇರುವುದು ರೂಢಿ, ಅಡುಗೆಮನೆ ಮಷೀನ್‌ಗಳಲ್ಲಿ ಇನ್ನೂ ಕಡಿಮೆ ಇರುತ್ತದೆ. ಒಳ್ಳೆ ನೀರು ಹನಿಹನಿ ಬಂದು ವೇಸ್ಟ್ ದಬದಬ ಸುರಿಯುತ್ತಿದ್ದರೆ ಫ್ಲೋ ರಿಸ್ಟ್ರಿಕ್ಟರ್, ಅಂದರೆ ಸರ್ವಿಸ್‌ನವರು ಎಫ್‌ಆರ್ ಅನ್ನುವುದು, ಹಾಕಿಲ್ಲ ಅಥವಾ ತಪ್ಪು ಅಳತೆಯದ್ದು. ವೇಸ್ಟ್ ಬರುತ್ತಲೇ ಇಲ್ಲ ಅಂದರೆ ಎಫ್‌ಆರ್ ಕಟ್ಟಿದೆ. ಇದು ಹೆಚ್ಚು ಅಪಾಯ, ಯಾಕೆಂದರೆ ತೊಳೆದುಹೋಗಬೇಕಾದ ಉಪ್ಪೆಲ್ಲ ಮೆಂಬ್ರೇನ್ ಮೇಲೇ ಕೂತು ಬೋರ್‌ವೆಲ್ ನೀರಾದರೆ ಬೇಗನೆ ಸುಣ್ಣ ಕಟ್ಟುತ್ತದೆ. ನೀರು ಉಳಿಸಬೇಕು ಅಂತ ಎಫ್‌ಆರ್ ಬಿಗಿ ಮಾಡುವವರೂ ಇದ್ದಾರೆ. ಬೆಂಗಳೂರಿನಲ್ಲಿ 2024ರ ಬೇಸಿಗೆ ನೋಡಿದವರಿಗೆ ಆ ಆಸೆ ಬರುವುದು ಸಹಜವೇ. ಆದರೆ ಗಡಸು ನೀರಿರುವ ಮನೆಯಲ್ಲಿ ಅದು ಲಾಭವಲ್ಲ. ವೇಸ್ಟ್ ನೀರನ್ನು ಡ್ರಮ್‌ಗೆ ಹಿಡಿದು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ.

ಒತ್ತಡವೂ ಸರಿ, ವೇಸ್ಟೂ ಸರಿ, ಆದರೂ ಆರ್‌ಓ ನೀರಿನ ಅಂಕಿ ನಲ್ಲಿ ನೀರಿನ ಕಾಲು ಭಾಗ, ಅರ್ಧ ಭಾಗ ಬರುತ್ತಿದೆಯಾ? ಹಾಗಾದರೆ ನೀರು ಮೆಂಬ್ರೇನ್ ಒಳಗಿಂದ ಹೋಗದೆ ಪಕ್ಕದಿಂದ ನುಸುಳುತ್ತಿದೆ. ಹೌಸಿಂಗ್ ಬಿಚ್ಚಿ ನೋಡಿ. ಮೆಂಬ್ರೇನ್‌ನ ಸಣ್ಣ ತುದಿಯಲ್ಲಿರುವ ಎರಡು ಓ-ರಿಂಗ್‌ಗಳು ಮಡಚಿಕೊಂಡಿರಬಹುದು, ಹರಿದಿರಬಹುದು, ಅಥವಾ ಮೆಂಬ್ರೇನ್ ಪೂರ್ತಿ ಒಳಗೆ ಕೂತಿರುವುದಿಲ್ಲ. ಗಟ್ಟಿಯಾಗಿ ಒತ್ತಿದಾಗ ಕೂತದ್ದು ಕೈಗೆ ಗೊತ್ತಾಗಬೇಕು. ಇನ್ನೊಂದು ತೀರಾ ಸಣ್ಣ ವಿಷಯ: ಒಳ್ಳೆ ನೀರಿನ ಪೈಪು, ವೇಸ್ಟ್ ಪೈಪು ಅದಲು ಬದಲಾಗಿರುವುದು. ನಗಬೇಡಿ, ನಲ್ಲಿ ನೀರಿಗಿಂತ 'ಶುದ್ಧ' ನೀರಿನ ಟಿಡಿಎಸ್ಸೇ ಜಾಸ್ತಿ ಬಂದರೆ ಬೇರೆ ಕಾರಣ ಹುಡುಕಲೇಬೇಡಿ.

ಮೆಂಬ್ರೇನ್ ನಿಜವಾಗಿಯೂ ಹೋಗಿದ್ದರೆ ಯಾಕೆ ಹೋಯಿತು ಅಂತಲೂ ನೋಡಬೇಕು, ಇಲ್ಲದಿದ್ದರೆ ಹೊಸದೂ ಹಾಗೇ ಹೋಗುತ್ತದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಾದರೂ ಸಂಪು ತೊಳೆದ ದಿನ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಕ್ಲೋರಿನ್ ಮೆಂಬ್ರೇನ್‌ನ ಪದರವನ್ನು ತಿನ್ನುತ್ತದೆ, ಒಮ್ಮೆ ಹಾಳಾದರೆ ಮತ್ತೆ ಸರಿ ಆಗುವುದಿಲ್ಲ. ಅದನ್ನು ತಡೆಯುವುದು ಕಾರ್ಬನ್. ಈಜುಕೊಳದವರು ಬಳಸುವ, ತೊಟ್ಟು ಹಾಕಿದರೆ ಬಣ್ಣ ಬರುವ ಕ್ಲೋರಿನ್ ಟೆಸ್ಟ್ ಕಿಟ್ ತಂದು ವೇಸ್ಟ್ ನೀರನ್ನು ಪರೀಕ್ಷಿಸಿ. ಬಣ್ಣ ಬಂದರೆ ಕಾರ್ಬನ್ ಮುಗಿದಿದೆ.

ಇನ್ನೊಂದು ದೋಷ, ಇದು ದೋಷವೇ ಅಲ್ಲ: ಮಷೀನ್ ಆನ್ ಮಾಡಿದ ಮೊದಲ ಕೆಲವು ನಿಮಿಷ ಆರ್‌ಓ ನೀರಿನ ಅಂಕಿ ತುಂಬಾ ಮೇಲಿರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮಷೀನ್ ನಿಂತಿದ್ದಾಗ ಉಪ್ಪು ನಿಧಾನಕ್ಕೆ ಮೆಂಬ್ರೇನ್ ದಾಟಿ ಈಚೆ ಬಂದಿರುತ್ತದೆ. ಅಳೆಯುವುದಾದರೆ ಹತ್ತು ನಿಮಿಷ ಓಡಿದ ಮೇಲೆ ಅಳೆಯಿರಿ. ಆ ಮೊದಲ ನೀರು ಡಿಐಗೆ ಹೋಗದ ಹಾಗೆ ಒಂದು ವಾಲ್ವ್ ಹಾಕಿ ಹೊರಗೆ ಬಿಟ್ಟುಬಿಡಿ, ರೆಸಿನ್ ಬಾಳಿಕೆ ಚೆನ್ನಾಗಿ ಹೆಚ್ಚುತ್ತದೆ. ದಿನಾ ಎರಡೆರಡು ಲೀಟರ್ ಮಾಡುವುದಕ್ಕಿಂತ ವಾರಕ್ಕೊಮ್ಮೆ ಒಂದೇ ಸಲ ಡ್ರಮ್ ತುಂಬಿಸುವುದು ಇದೇ ಕಾರಣಕ್ಕೆ ವಾಸಿ.

ಡಿಐ: ರೆಸಿನ್ ಬೇಗ ಮುಗಿಯುತ್ತಿದೆ

ಆರ್‌ಓ ನೀರು 10, ಡಿಐ ಆದಮೇಲೂ 10. ರೆಸಿನ್ ಹೊಸದು. ಹಾಗಾದರೆ ಪೊಟ್ಟಣ ನೋಡಿ. ಅಂಗಡಿಯಲ್ಲಿ ರೆಸಿನ್ ಕೊಡಿ ಅಂದರೆ ಎಷ್ಟೋ ಕಡೆ ಸಾಫ್ಟನರ್ ರೆಸಿನ್ ಕೊಟ್ಟು ಕಳಿಸುತ್ತಾರೆ. ಅದು ಒಂದು ಉಪ್ಪು ತೆಗೆದು ಇನ್ನೊಂದು ಕೊಡುವಂಥದ್ದು, ಮೀಟರ್ ಅಲ್ಲಾಡುವುದೇ ಇಲ್ಲ. ನಿಮಗೆ ಬೇಕಾದದ್ದು ಮಿಕ್ಸ್ಡ್ ಬೆಡ್ ಡಿಐ ರೆಸಿನ್, ಕ್ಯಾಟಯಾನ್ (ಧನ ಅಯಾನು ಹಿಡಿಯುವ) ಮತ್ತು ಆನಯಾನ್ (ಋಣ ಅಯಾನು ಹಿಡಿಯುವ) ರೆಸಿನ್ ಎರಡೂ ಬೆರೆತದ್ದು. ಬಿಚ್ಚಿದ ಪೊಟ್ಟಣವನ್ನು ಗಾಳಿಗೆ ಬಿಟ್ಟರೂ ಹಾಳು. ಒಣಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಆನಯಾನ್ ಭಾಗ ಸುಮ್ನೆ ಮುಗಿದುಹೋಗುತ್ತದೆ.

ಡಿಐ ಆದಮೇಲೆ ಅಂಕಿ ಇಳಿಯುತ್ತದೆ ಆದರೆ ಸೊನ್ನೆ ಮುಟ್ಟುವುದಿಲ್ಲ ಅಂದರೆ ನೀರು ರೆಸಿನ್ ನಡುವೆ ದಾರಿ ಮಾಡಿಕೊಂಡು ಸರಕ್ಕನೆ ದಾಟುತ್ತಿದೆ. ರೆಸಿನ್ ಸಡಿಲವಾಗಿ ತುಂಬಿದ್ದರೆ, ಅಥವಾ ಕಾರ್ಟ್ರಿಜ್ ಅಡ್ಡ ಮಲಗಿಸಿದ್ದರೆ ಹೀಗಾಗುತ್ತದೆ. ನೆಟ್ಟಗೆ ನಿಲ್ಲಿಸಿ, ಕೆಳಗಿಂದ ಮೇಲೆ ನೀರು ಹರಿಯುವ ಹಾಗೆ ಜೋಡಿಸಿ, ರೆಸಿನ್ ಅಲ್ಲಾಡದಷ್ಟು ಒತ್ತಿ ತುಂಬಿ.

ಇನ್ನು ಕಷ್ಟದ್ದು. ಮೆಂಬ್ರೇನ್ 98 ಪಾಲು ತಡೆಯುತ್ತಿದೆ, ರೆಸಿನ್ ಒಳ್ಳೆಯದು, ಜೋಡಣೆ ಸರಿ, ಆದರೂ ಎರಡು ಮೂರು ಡ್ರಮ್‌ಗೆ ಡಿಐ ಮುಗಿಯುತ್ತಿದೆ. ಬೋರ್‌ವೆಲ್ ಮನೆಗಳಲ್ಲಿ ಇದು ಸಿಗುವುದು ಜಾಸ್ತಿ. ಆಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಅದು ಅನಿಲ, ಮೆಂಬ್ರೇನ್ ಅದನ್ನು ತಡೆಯುವುದಿಲ್ಲ, ಟಿಡಿಎಸ್ ಮೀಟರ್‌ಗೂ ಅದು ಸರಿಯಾಗಿ ಕಾಣುವುದಿಲ್ಲ. ರೆಸಿನ್‌ಗೆ ಮಾತ್ರ ಕಾಣುತ್ತದೆ! ಪತ್ತೆ ಹಚ್ಚುವುದು ಹೀಗೆ: ಒಂದು ಬಕೆಟ್ ಬೋರ್‌ವೆಲ್ ನೀರು ನಲ್ಲಿಯಿಂದ ಹಿಡಿದ ಕೂಡಲೇ ಪಿಎಚ್ ಅಳೆಯಿರಿ. ಏರ್ ಪಂಪ್, ಏರ್ ಸ್ಟೋನ್ ಹಾಕಿ ರಾತ್ರಿಯಿಡೀ ಗುಳ್ಳೆ ಬಿಡಿ. ಬೆಳಗ್ಗೆ ಮತ್ತೆ ಅಳೆಯಿರಿ. ಪಿಎಚ್ 0.5 ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಅನಿಲ ಇದೆ. ಆಗ ಆರ್‌ಓ ನೀರನ್ನು ಸೀದಾ ಡಿಐಗೆ ಕೊಡಬೇಡಿ. ಮೊದಲು ಒಂದು ಡ್ರಮ್‌ಗೆ ತುಂಬಿ, ಒಂದು ರಾತ್ರಿ ಏರ್ ಸ್ಟೋನ್ ಹಾಕಿ, ಆಮೇಲೆ ಸಣ್ಣ ಪಂಪಿನಲ್ಲಿ ಡಿಐ ಮೂಲಕ ಎರಡನೇ ಡ್ರಮ್‌ಗೆ ದಾಟಿಸಿ. ಜಾಗ ಬೇಕು, ಮನೆಯವರ ಒಪ್ಪಿಗೆಯೂ ಬೇಕು, ಆದರೆ ರೆಸಿನ್ ಖರ್ಚಿಗೆ ಹೋಲಿಸಿದರೆ ಏರ್ ಪಂಪ್ ಏನೂ ಅಲ್ಲ.

ಪಿಎಚ್ ಮಾತು ಬಂತು ಅಂತ ಹೇಳುತ್ತೇನೆ: ಡಿಐ ನೀರಿನ ಪಿಎಚ್ ಅಳೆದು ಗಾಬರಿ ಆಗಬೇಡಿ. 5.5 ಬರಬಹುದು, 7 ಬರಬಹುದು, ಮೀಟರ್ ಅಲ್ಲಾಡುತ್ತಲೇ ಇರಬಹುದು. ಅಷ್ಟು ಶುದ್ಧ ನೀರಿನಲ್ಲಿ ಆ ಅಂಕಿಗೆ ಅರ್ಥವಿಲ್ಲ. ಸಾಲ್ಟ್ ಮಿಕ್ಸ್ (ಉಪ್ಪುನೀರಿನ ಅಕ್ವೇರಿಯಂಗೆಂದೇ ಮಾರುವ ಉಪ್ಪು) ಬಿದ್ದ ಮೇಲೆ 8ರ ಮೇಲಕ್ಕೆ ತಾನೇ ಬರುತ್ತದೆ.

ಡ್ರಮ್: ಮಾಡುವಾಗ 0, ಎರಡು ದಿನ ಬಿಟ್ಟು 15

ಈ ದೂರು ಬಂದರೆ ಫಿಲ್ಟರ್ ಕಡೆ ತಿರುಗಿಯೂ ನೋಡಬೇಡಿ. ನೀರು ಸರಿಯಾಗಿಯೇ ತಯಾರಾಗಿತ್ತು.

ಡಿಐ ನೀರನ್ನು ಡ್ರಮ್‌ಗೆ ತುಂಬುವಾಗಲೇ, ಅದೇ ನೀರಿನಲ್ಲಿ ಚೆನ್ನಾಗಿ ತೊಳೆದ ಒಂದು ಲೀಟರ್ ಬಾಟಲಿಗೂ ತುಂಬಿ ಮುಚ್ಚಳ ಹಾಕಿ ಪಕ್ಕದಲ್ಲಿಡಿ. ಎರಡು ದಿನದ ಮೇಲೆ ಎರಡನ್ನೂ ಅಳೆಯಿರಿ. ಎರಡೂ 1 ಅಥವಾ 2 ಆಗಿದ್ದರೆ ಮರೆತುಬಿಡಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೆ ಅಷ್ಟು ಏರುವುದು ಮಾಮೂಲು. ಬಾಟಲಿ 1, ಡ್ರಮ್ 15 ಆಗಿದ್ದರೆ ಡ್ರಮ್ ಒಳಗೆ ಏನೋ ಬೀಳುತ್ತಿದೆ.

ಅದು ಹತ್ತರಲ್ಲಿ ಎಂಟು ಸಲ ನಿಮ್ಮದೇ ಉಪ್ಪುನೀರು ಅನ್ನುವುದು ನನ್ನ ಅನಿಸಿಕೆ. ಉಪ್ಪು ಕಲಸುವ ಡ್ರಮ್‌ನಿಂದ ತೆಗೆದ ಪಂಪನ್ನೇ ಇದಕ್ಕೂ ಇಳಿಸುತ್ತೇವೆ, ಅದೇ ಪೈಪು, ಅದೇ ಮಗ್ಗು. ಪಂಪು ಪೈಪಿನೊಳಗೆ 50 ಎಂಎಲ್ ಉಪ್ಪುನೀರು ಉಳಿದಿದ್ದರೆ ಸಾಕು, 100 ಲೀಟರ್ ಡ್ರಮ್‌ನ ಟಿಡಿಎಸ್ 17 ಏರುತ್ತದೆ. ಟಾಪ್-ಅಪ್ ಡಬ್ಬದಲ್ಲಿ ಇದು ಇನ್ನೊಂದು ಥರ ಆಗುತ್ತದೆ. ಟಾಪ್-ಅಪ್ ಪೈಪಿನ ತುದಿ ಅಕ್ವೇರಿಯಂ ನೀರಿನೊಳಗೆ ಮುಳುಗಿದ್ದರೆ ಪಂಪ್ ನಿಂತ ಕೂಡಲೇ ಸೈಫನ್ ಆಗಿ ಉಪ್ಪುನೀರು ವಾಪಸ್ ಡಬ್ಬಕ್ಕೆ ಬರಬಹುದು. ಡಬ್ಬದ ಟಿಡಿಎಸ್ ನೂರಾರು, ಸಾವಿರಾರು ಇದ್ದರೆ ಕಾರಣ ಇದೇ. ಪೈಪಿನ ತುದಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ಸಿಹಿನೀರಿಗೆ ಒಂದು ಪಂಪ್, ಉಪ್ಪುನೀರಿಗೆ ಒಂದು, ಬಣ್ಣದ ಟೇಪ್ ಸುತ್ತಿ ಬೇರೆ ಮಾಡಿ.

ಪಂಪ್ ತೆಗೆದಿಟ್ಟು ಮತ್ತೆ ಎರಡು ದಿನ ನೋಡಿದಾಗಲೂ ಏರಿದರೆ ಡ್ರಮ್ ಮೇಲೇ ಅನುಮಾನ. ಗುಜರಿಯಲ್ಲಿ ಕಡಿಮೆ ಬೆಲೆಗೆ ಸಿಗುವ ನೀಲಿ ಡ್ರಮ್ ತರಲೇಬೇಡಿ. ಅದರಲ್ಲಿ ಮುಂಚೆ ಆಸಿಡ್ ಇತ್ತೋ ಸೋಪಿನ ಎಣ್ಣೆ ಇತ್ತೋ ಯಾರಿಗೆ ಗೊತ್ತು. ಮೀಟರ್‌ಗೆ ಕಾಣದ ವಿಷ ಪ್ಲಾಸ್ಟಿಕ್ ಒಳಗೆ ಇಳಿದಿದ್ದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಆಹಾರಕ್ಕೆ ಅಂತಲೇ ಮಾಡಿದ ಎಚ್‌ಡಿಪಿಇ ಡ್ರಮ್ ಹೊಸದಾಗಿ ಕೊಳ್ಳಿ. ಸಿಮೆಂಟ್ ತೊಟ್ಟಿ, ತುಕ್ಕು ಹಿಡಿಯುವ ಕಬ್ಬಿಣದ ಹಿಡಿಕೆ, ಮುಚ್ಚಳದ ಕೆಳಗಿನ ಸ್ಕ್ರೂ, ಇವೂ ಟಿಡಿಎಸ್ ಏರಿಸುತ್ತವೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದು ಡ್ರಮ್ ಬಾಲ್ಕನಿಯಲ್ಲಿದ್ದರೆ ಧೂಳೇ ಸಾಕು.

ಒಳಗೋಡೆ ಜಾರುತ್ತಿದೆ ಅಥವಾ ಹಸಿರು ಬಂದಿದೆ ಅಂದರೆ ಬೆಳಕು ಬೀಳುತ್ತಿದೆ, ಜೊತೆಗೆ ಪಾಚಿಗೆ ಊಟವೂ ಸಿಗುತ್ತಿದೆ. ಖಾಲಿ ಮಾಡಿ, ತೆಳು ಬ್ಲೀಚ್ ನೀರಿನಲ್ಲಿ ಉಜ್ಜಿ, ನಾಲ್ಕೈದು ಸಲ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಕವುಚಿಡಿ. ಪಾತ್ರೆ ಸೋಪು ಬೇಡ. ಬ್ಲೀಚ್ ಜೊತೆ ವಿನಿಗರ್ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. 20 ಲೀಟರ್‌ನ ಪಾರದರ್ಶಕ ಕ್ಯಾನ್‌ಗಳಲ್ಲಿ ಇಡುವವರು ಕತ್ತಲ ಮೂಲೆಯಲ್ಲಿಡಿ.

ಸೊಳ್ಳೆ ವಿಷಯ ಪುಸ್ತಕದಲ್ಲಿ ಸಿಗುವುದಿಲ್ಲ, ನಮ್ಮೂರಲ್ಲಿ ಮಾತ್ರ ಬೇಕಾಗುತ್ತದೆ. ಡೆಂಗ್ಯೂ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ, ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ ಹತ್ತು ದಿನ ಸಾಕು. ಮುಚ್ಚಳ ಬಿಗಿಯಾಗಿರಲಿ, ಪೈಪ್ ಹಾಯಿಸಲು ಕೊರೆದ ತೂತಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಮಳೆಗಾಲದಲ್ಲಿ ಆರೋಗ್ಯ ಕಾರ್ಯಕರ್ತರು ಲಾರ್ವಾ ಸಾಯಿಸುವ ಔಷಧಿ ಹಾಕಲು ಬಂದರೆ ಈ ಡ್ರಮ್ ಮುಚ್ಚಿರುವುದನ್ನು ತೋರಿಸಿ, ಅಕ್ವೇರಿಯಂ ನೀರು ಅಂತ ಹೇಳಿ. ಹುಳು ಕೊಲ್ಲುವ ಔಷಧಿ ಸೀಗಡಿ, ಏಡಿಗಳನ್ನೂ ಬಿಡುವುದಿಲ್ಲ. ಮನೆಯೊಳಗೆ ಸೊಳ್ಳೆ, ಜಿರಳೆಗೆ ಸ್ಪ್ರೇ ಹೊಡೆಯುವಾಗಲೂ ಡ್ರಮ್ ತೆರೆದಿರಬಾರದು. ಇದ್ದಕ್ಕಿದ್ದಂತೆ ಸೀಗಡಿಗಳು ಸತ್ತು ನೀರಿನ ಟೆಸ್ಟ್ ಎಲ್ಲ ಸರಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಮನೆಯಲ್ಲಿ ಯಾರಾದರೂ ಸ್ಪ್ರೇ ಹೊಡೆದರಾ ಅಂತ.

ಉಪ್ಪು ಕಲಸಿದ ಮೇಲೆ

ಕಲಸಿದ ನೀರು ಹಾಲಿನ ಹಾಗೆ ಬಿಳಿಯಾಗಿ, ಗಂಟೆಗಟ್ಟಲೆ ಆದರೂ ತಿಳಿಯಾಗದೆ, ತಳದಲ್ಲಿ ಬಿಳಿ ಪದರ ಕೂತರೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಬೇರ್ಪಟ್ಟಿದೆ. ಅದು ಮತ್ತೆ ಕರಗುವುದಿಲ್ಲ. ಅಂಥ ನೀರಿನಲ್ಲಿ ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಕಡಿಮೆ ಬರುತ್ತವೆ. ಉಪ್ಪಿನ ಮೇಲೆ ನೀರು ಸುರಿದರೆ, ಸ್ವಲ್ಪ ನೀರಿಗೆ ಎಲ್ಲ ಉಪ್ಪನ್ನೂ ಒಮ್ಮೆಗೇ ಹಾಕಿದರೆ, ಬಿಸಿ ನೀರು ಬಳಸಿದರೆ ಹೀಗಾಗುತ್ತದೆ. ನೀರು ಪೂರ್ತಿ ತುಂಬಿ, ನೀರು ಕಲಕುವ ಪಂಪ್ ಆದ ಪವರ್‌ಹೆಡ್ ಓಡುತ್ತಿರುವಾಗ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಿ. 100 ಲೀಟರಿಗೆ ಮೂರೂವರೆಯಿಂದ ನಾಲ್ಕು ಕಿಲೋದ ಒಳಗೆ ಬೇಕಾಗುತ್ತದೆ, ಪೊಟ್ಟಣದ ಮೇಲೆ ಬರೆದಿರುತ್ತದೆ. ಕಲ್ಲುಪ್ಪು, ಅಡುಗೆ ಉಪ್ಪು ಆಗುವುದಿಲ್ಲ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸೋಡಿಯಂ ಕ್ಲೋರೈಡೇ.

ಪ್ರತಿ ಸಲ ಒಂದೇ ತೂಕ ಹಾಕಿದರೂ ಉಪ್ಪಿನಂಶ ಬೇರೆ ಬೇರೆ ಬರುತ್ತಿದೆಯಾ? ಮಂಗಳೂರು, ಉಡುಪಿ ಕಡೆಯವರಿಗೆ ಇದು ಜಾಸ್ತಿ. ಮಳೆಗಾಲದಲ್ಲಿ ತೆರೆದ ಪೊಟ್ಟಣ ತೇವ ಹೀರಿ ಗಟ್ಟಿಯಾಗಿರುತ್ತದೆ, ತೂಕದಲ್ಲಿ ನೀರೂ ಸೇರಿರುತ್ತದೆ. ತೂಕ ನಂಬಬೇಡಿ, ಅಳೆದು ಸರಿ ಮಾಡಿ: 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ತೂಕ) 1.026, ಅಂದರೆ ಸಾವಿರಕ್ಕೆ 35 ಪಾಲು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಡಿಐ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, ಸೊನ್ನೆಯಲ್ಲಿ ಸರಿ ಇದ್ದು 35ರಲ್ಲಿ ತಪ್ಪು ತೋರಿಸುವ ಉಪಕರಣಗಳು ಬೇಕಾದಷ್ಟಿವೆ. 35ರ ದ್ರಾವಣದಲ್ಲೇ ಹೊಂದಿಸಿ. ಕಲಸಿಟ್ಟ ಡ್ರಮ್‌ಗೂ ಮುಚ್ಚಳ ಬೇಕು, ಇಲ್ಲದಿದ್ದರೆ ನೀರು ಆವಿಯಾಗಿ ಉಪ್ಪು ಏರುತ್ತದೆ. ಬಳಸುವ ಮೊದಲು ಒಂದಷ್ಟು ಹೊತ್ತು ಪವರ್‌ಹೆಡ್ ಓಡಿಸಿ ಮತ್ತೆ ಅಳೆಯಿರಿ. ಎಷ್ಟು ದಿನ ಇಡಬಹುದು ಅನ್ನುವುದು ಉಪ್ಪಿನ ತಯಾರಕರ ಮೇಲೆ ಹೋಗುತ್ತದೆ. ಕೆಲವನ್ನು ಕಲಸಿದ ಕೆಲವೇ ಗಂಟೆಗಳಲ್ಲಿ ಬಳಸಿ ಅಂತ ಪೊಟ್ಟಣದಲ್ಲೇ ಹೇಳಿರುತ್ತಾರೆ.

ಅಂಕಿ ಎಲ್ಲ ಸರಿ, ಮರಳು ಮಾತ್ರ ಕಂದು

ಐದೂ ಕಡೆ ಅಳೆದಿದ್ದೀರಿ, ಡಿಐ 0, ಡ್ರಮ್ 1. ಆದರೂ ಮರಳಿನ ಮೇಲೆ, ಗಾಜಿನ ಮೇಲೆ ಕಂದು ಪುಡಿಯಂಥ ಪದರ. ಇದು ಡಯಾಟಮ್, ಸಿಲಿಕಾ ಬಳಸಿ ಬೆಳೆಯುವ ಸೂಕ್ಷ್ಮ ಪಾಚಿ. ಅಕ್ವೇರಿಯಂ ಶುರು ಮಾಡಿ ಒಂದೆರಡು ತಿಂಗಳು ಕೂಡ ಆಗಿಲ್ಲ ಅಂದರೆ ಏನೂ ಮಾಡಬೇಡಿ, ಅದು ಬಂದು ಹೋಗುವಂಥದ್ದು. ಹಳೆಯ ಅಕ್ವೇರಿಯಂನಲ್ಲಿ ಹೊಸದಾಗಿ ಬಂದಿದ್ದರೆ ಸಿಲಿಕಾ ಇರಬಹುದು. ಸಿಲಿಕಾ ನೀರಿನಲ್ಲಿ ಬಹುಪಾಲು ವಿದ್ಯುತ್ ಒಯ್ಯದ ರೂಪದಲ್ಲಿರುತ್ತದೆ, ಹಾಗಾಗಿ ಮೀಟರ್ ಸೊನ್ನೆ ತೋರಿಸುತ್ತಿದ್ದರೂ ನೀರಿನಲ್ಲಿ ಇರಬಹುದು. ರೆಸಿನ್ ಅದನ್ನು ಹಿಡಿಯುವುದೂ ಸಡಿಲವಾಗಿಯೇ, ಮುಗಿಯುತ್ತಾ ಬಂದ ಹಾಗೆ ಮೊದಲು ಕೈಬಿಡುವುದು ಅದನ್ನೇ, ಅದೂ ಅಲ್ಲಿಯವರೆಗೆ ಹಿಡಿದಿಟ್ಟದ್ದನ್ನೆಲ್ಲ ಒಮ್ಮೆಗೇ. ಅದಕ್ಕೇ ಡಿಐ ಅಂಕಿ 1, 2 ಆದಾಗಲೇ ರೆಸಿನ್ ಬದಲಾಯಿಸಿ ಅನ್ನುವುದು. ಇನ್ನೂ ಸ್ವಲ್ಪ ದಿನ ಓಡಲಿ ಅಂತ 8-10ರವರೆಗೆ ಎಳೆದರೆ ರೆಸಿನ್ ಇಲ್ಲದ ಆರ್‌ಓ ನೀರಿಗಿಂತ ಕೆಟ್ಟ ನೀರು ಬರಬಹುದು. ಎರಡು ಡಿಐ ಕಾರ್ಟ್ರಿಜ್ ಸಾಲಾಗಿ ಹಾಕಿ ಮೊದಲನೆಯದರ ನಂತರ ಅಳೆಯುತ್ತಿದ್ದರೆ ಈ ತಾಪತ್ರಯ ಇಲ್ಲ. ಮೊದಲನೆಯದು ಮುಗಿದಾಗ ಎರಡನೆಯದನ್ನು ಅದರ ಜಾಗಕ್ಕೆ ತಂದು, ಹಿಂದೆ ಹೊಸದನ್ನು ಹಾಕಿ.

ಸಿಲಿಕಾ ಟೆಸ್ಟ್ ಕಿಟ್ ಸಿಕ್ಕರೆ ಡಿಐ ನೀರನ್ನೂ ಅಕ್ವೇರಿಯಂ ನೀರನ್ನೂ ಒಂದೇ ದಿನ ನೋಡಿ. ಡಿಐ ನೀರಿನಲ್ಲೇ ಬಣ್ಣ ಬಂದರೆ ರೆಸಿನ್ ಬದಲಾಯಿಸಿ. ಅದರಲ್ಲಿ ಇಲ್ಲದೆ ಅಕ್ವೇರಿಯಂನಲ್ಲಿ ಮಾತ್ರ ಇದ್ದರೆ ನೀರು ಮಾಡುವ ಕಡೆ ಹುಡುಕುವುದನ್ನು ನಿಲ್ಲಿಸಿ, ಇತ್ತೀಚೆಗೆ ಹಾಕಿದ ಮರಳು, ಕಲ್ಲು, ಸಾಲ್ಟ್ ಮಿಕ್ಸ್ ಕಡೆ ತಿರುಗಿ.